ಮೇಲಿನ ಮನೆಯ ಒನಕೆ

"ಯಾವಾಗ ಬಂದ್ಯಪ್ಪಾ?" ಎಂದು ಪಕ್ಕದ ಮನೆ ಮೇಷ್ಟ್ರು ಕೇಳಿದ್ದು ನನಗೆ ಕೇಳಿಸಲಿಲ್ಲ. ತುಟಿ ಅಲ್ಲಾಡಿದ್ದು ಕಂಡಿತು, ಅಷ್ಟೆ. ಹಿಂದಿನ ಸೈಟಿನಲ್ಲಿ ಏಳುತ್ತಿರುವ ಮೂರಂತಸ್ತಿನ ಮನೆಯಲ್ಲಿ ಟೈಲ್ಸ್ ಕತ್ತರಿಸುವ ಮಿಷನ್ನು ಕಿರುಚುತ್ತಿತ್ತು. ಮೇಷ್ಟ್ರು ಕಾಂಪೌಂಡಿನ ಮೇಲೆ ಎಡ ಮೊಣಕೈ ಊರಿ, ಬಲಗೈಯನ್ನು ವಿಮಾನದ ಹಾಗೆ ಮೇಲಿಂದ ಕೆಳಕ್ಕಿಳಿಸಿ ಹುಬ್ಬು ಹಾರಿಸಿದರು. ನಾನು ಎರಡು ಬೆರಳು ತೋರಿಸಿದೆ. ಬಂದು ಎರಡು ದಿನವಾಯಿತು ಅಂತ ನನ್ನ ಅರ್ಥ. ಎರಡೇ ವಾರ ರಜ ಅಂತ ಅವರು ತಿಳಿದುಕೊಂಡು ಮುಖ ಸಣ್ಣದು ಮಾಡಿದರು. ಅಷ್ಟರಲ್ಲಿ ಮಿಷನ್ನು ನಿಂತಿತು.

"ಆರು ತಿಂಗಳಿಂದ ಇದೇ ಸಂಗೀತ ಕಣಯ್ಯ" ಎಂದರು. "ಬೋರ್‌ವೆಲ್ ಆಯ್ತು, ಸೆಂಟ್ರಿಂಗ್ ಆಯ್ತು, ಈಗ ಇದು. ನಿನ್ನೆ ಸಂಧ್ಯಾವಂದನೆಗೆ ಕೂತು ಆಚಮನ ಎಷ್ಟು ಸಲ ಮಾಡಿದೆ ಅನ್ನೋದೇ ಮರೆತುಹೋಯ್ತು. ನೀನು ಪುಣ್ಯವಂತ. ಜರ್ಮನಿಯಲ್ಲಿ ಪಿನ್‌ಡ್ರಾಪ್ ಸೈಲೆನ್ಸ್ ಅಂತೆ?"

ಸರಸ್ವತಿಪುರಂನ ಈ ಕಾಂಪೌಂಡು ನಾನು ಹುಟ್ಟುವುದಕ್ಕಿಂತ ಮುಂಚಿನದು. ನಾಲ್ಕಡಿ ಎತ್ತರ. ನಿಂತು ಮಾತಾಡುವವರ ಅಳತೆ ತೆಗೆದುಕೊಂಡೇ ಕಟ್ಟಿಸಿದ ಹಾಗೆ ಮೊಣಕೈ ಸರಿಯಾಗಿ ಕೂರುತ್ತದೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಹೇಳಿಕೊಟ್ಟವರು, ನನಗೂ ರಾಮಃ ರಾಮೌ ರಾಮಾಃ ಕಲಿಸಿದವರು. ಅವರ ಮುಂದೆ ಸುಳ್ಳು ಹೇಳುವ ಹಾಗಿಲ್ಲ.

"ಹೌದು ಸಾರ್, ಪಿನ್ನು ಬಿದ್ದರೆ ಕೇಳಿಸುತ್ತೆ. ಕೆಳಗಿನ ಮನೆಯವರಿಗೆ ಕೇಳಿಸುತ್ತೆ. ಮಾರನೇ ದಿನ ಮೆಟ್ಟಿಲ ಹತ್ತಿರ ಚೀಟಿ ಅಂಟಿಸಿರುತ್ತಾರೆ."

ನಾನು ಸ್ಟುಟ್‌ಗಾರ್ಟಿಗೆ ಹೋಗಿ ಏಳು ವರ್ಷ. ಕಾರು ಮಾಡುವವರು, ಕಾರಿನ ಬಿಡಿಭಾಗ ಮಾಡುವವರು ಒಂದು ಕಾಲು ಅಲ್ಲಿ, ಇನ್ನೊಂದು ಕಾಲು ಬೆಂಗಳೂರಿನಲ್ಲಿ ಊರಿಕೊಂಡಿರುವುದರಿಂದ ಆ ದಾರಿಯಲ್ಲಿ ನಮ್ಮವರ ಓಡಾಟ ಜಾಸ್ತಿ. ಶನಿವಾರ ಇಂಡಿಯನ್ ಅಂಗಡಿಯ ಕ್ಯೂನಲ್ಲಿ ನಿಂತರೆ ಹಿಂದೆ ಯಾರೋ "ಕರಿಬೇವು ಖಾಲಿಯಾಯ್ತಾ ಕೇಳ್ರಿ" ಅನ್ನುವುದು ಕಿವಿಗೆ ಬೀಳುತ್ತದೆ. ಮನೆ ಬಾಡಿಗೆಗೆ ಹಿಡಿದ ದಿನ ಕರಾರಿನ ಜೊತೆ ಇನ್ನೊಂದು ಹಾಳೆ ಕೊಟ್ಟರು. ಹೌಸ್‌ಓರ್ಡ್ನುಂಗ್ ಅಂತ ಅದರ ಹೆಸರು, ಮನೆಯ ಕಟ್ಟುಕಟ್ಟಳೆ ಅನ್ನಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸದ್ದಿಲ್ಲ. ಮಧ್ಯಾಹ್ನ 1ರಿಂದ 3ರ ತನಕ ಸದ್ದಿಲ್ಲ. ಭಾನುವಾರ ಬೆಳಗಿನಿಂದ ರಾತ್ರಿಯ ತನಕ ಸದ್ದಿಲ್ಲ. ಓದಿ ನನ್ನಾಕೆ, "ಬುಧವಾರ ಸಂಜೆ ಕೆಮ್ಮಬಹುದಾ ಕೇಳಿ" ಎಂದಳು.

"ಭಾನುವಾರ ಅಂದ್ರೆ ಏನು ಮಾಡೋ ಹಾಗಿಲ್ಲ?" ಮೇಷ್ಟ್ರಿಗೆ ರುಚಿ ಹತ್ತಿತು.

"ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಡ್ರಿಲ್ಲು ಮುಟ್ಟೋ ಹಾಗಿಲ್ಲ. ಖಾಲಿ ಬಾಟಲಿ ಹಾಕೋದಕ್ಕೆ ಬೀದಿ ಮೂಲೆಯಲ್ಲಿ ಡಬ್ಬ ಇಟ್ಟಿರ್ತಾರೆ. ಭಾನುವಾರ ಅದಕ್ಕೂ ಬಾಟಲಿ ಹಾಕೋ ಹಾಗಿಲ್ಲ, ಗಾಜು ಒಡೆದ ಸದ್ದಾಗುತ್ತಲ್ಲ. ಹುಲ್ಲು ಕತ್ತರಿಸೋ ಮಿಷನ್ನು ಭಾನುವಾರವಂತೂ ಇಲ್ಲವೇ ಇಲ್ಲ. ಉಳಿದ ದಿನ ರಾತ್ರಿ 8ರಿಂದ ಬೆಳಿಗ್ಗೆ 7ರ ತನಕ ಬಂದ್. ಇದಕ್ಕೆ 2002ರಲ್ಲಿ ಇಡೀ ದೇಶಕ್ಕೇ ಒಂದು ನಿಯಮ ಮಾಡಿದ್ದಾರೆ. ಒಣಗಿದ ಎಲೆ ಊದಿ ಗುಡ್ಡೆ ಮಾಡೋ ಮಿಷನ್ನು ಇದೆಯಲ್ಲ ಸಾರ್, ಅದರದ್ದು ಇನ್ನೂ ಬಿಗಿ. ಬೆಳಿಗ್ಗೆ 9ರಿಂದ 1, ಆಮೇಲೆ 3ರಿಂದ 5."

"ಹಳೇ ಕಾಲದ ಸರ್ಕಾರಿ ಕಚೇರಿ ಥರ."

"ಆಮೇಲೆ ಭಾನುವಾರ ಅನ್ನೋದು ಅವರ ಸಂವಿಧಾನದಲ್ಲೇ ಇದೆ. 1919ರ ವೈಮಾರ್ ಸಂವಿಧಾನದಲ್ಲಿ ಬರೆದರು: ಭಾನುವಾರ ದುಡಿಮೆಗೆ ಬಿಡುವು, ಮನಸ್ಸು ಮೇಲೇಳೋದಕ್ಕೆ ಮೀಸಲು ಅಂತ. 1949ರಲ್ಲಿ ಹೊಸ ಸಂವಿಧಾನ ಮಾಡಿದಾಗ ಆ ಕಲಮನ್ನು ಹಾಗೇ ಎತ್ತಿ ಇಟ್ಟುಕೊಂಡರು."

ಮೇಷ್ಟ್ರು ತಲೆದೂಗಿದರು. "ನಮ್ಮಲ್ಲೂ ಏನಾದರೂ ಇರಬೇಕಲ್ಲಯ್ಯ?"

ಇದೆ. ಇದನ್ನು ನಾನು ಹಿಂದಿನ ಸಲ ಊರಿಗೆ ಬಂದಾಗಲೇ ಹುಡುಕಿ ನೋಡಿದ್ದೆ. ನಮ್ಮ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರವೂ ರಾತ್ರಿ ಅಂದರೆ 10ರಿಂದ 6. ಅವರದ್ದೂ ಅದೇ, ನಮ್ಮದೂ ಅದೇ, ಒಂದು ನಿಮಿಷ ಹೆಚ್ಚಿಲ್ಲ ಕಡಿಮೆಯಿಲ್ಲ. ಮನೆಗಳಿರುವ ಬಡಾವಣೆಯಲ್ಲಿ ನಮಗೆ ಹಗಲು 55 ಡೆಸಿಬೆಲ್, ರಾತ್ರಿ 45. ಯಂತ್ರ, ಕಾರ್ಖಾನೆಗಳ ಸದ್ದು ಅಳೆಯುವ ಅವರ ನಿಯಮದಲ್ಲಿ ಸಾಮಾನ್ಯ ವಸತಿ ಬಡಾವಣೆಗೆ ಹಗಲು 55, ರಾತ್ರಿ 40.

"ಬರೀ ಐದು?"

"ಐದೇ ಸಾರ್, ಅದೂ ರಾತ್ರಿ ಮಾತ್ರ. ಹಗಲಿಗೆ ಸರಿಸಮ."

ಆಗ ಟೈಲ್ಸ್ ಮಿಷನ್ನು ಮತ್ತೆ ಕಿರುಚಿತು. ಮೇಷ್ಟ್ರು ಅದು ನಿಲ್ಲುವ ತನಕ ಕಾದು, ಕಿವಿಯೊಳಗೆ ಬೆರಳಿಟ್ಟು ಅಲ್ಲಾಡಿಸಿಕೊಂಡು, "ಇದು ಐವತ್ತೈದರ ಒಳಗೆ ಬಂತೋ, ಆ ಐದರಲ್ಲಿ ಬಂತೋ?" ಎಂದು ಕೇಳಿದರು.

ಹೀಗೆ ಹೇಳಿದರೆ ಜರ್ಮನಿಯಲ್ಲಿ ಗದ್ದಲದ ನೆರೆಯವರೇ ಇಲ್ಲ ಅನ್ನಿಸಬಹುದು. ಅಲ್ಲೇ ಇರುವುದು ಮೋಸ. ಕಾನೂನು ಹಿಡಿಯುವುದು ಮಿಷನ್ನನ್ನು. ಮನುಷ್ಯನ ಕಾಲನ್ನು ಯಾವ ಕಾನೂನು ಹಿಡಿದೀತು? ನಾವಿರುವುದು ನೂರು ವರ್ಷ ದಾಟಿದ ಕಟ್ಟಡ. ಎತ್ತರದ ಸೂರು, ದೊಡ್ಡ ಕಿಟಕಿ, ನೋಡಲು ಮಹಾರಾಜರ ಕಾಲದ ಬಂಗಲೆಯ ಹಾಗೆ ಚೆಂದ. ಆದರೆ ನಡುವಿನ ನೆಲವೆಲ್ಲ ಮರ. ತೊಲೆ, ತೊಲೆಯ ಮೇಲೆ ಹಲಗೆ. ಮೇಲಿನವರು ಹೆಜ್ಜೆ ಇಟ್ಟರೆ ಸದ್ದು ಗಾಳಿಯಲ್ಲಿ ಬರುವುದಿಲ್ಲ, ತೊಲೆಯೊಳಗೇ ಇಳಿದು ನಮ್ಮ ಸೂರನ್ನು ನಡುಗಿಸುತ್ತದೆ. ಮೃದಂಗವನ್ನು ಹೊರಗೆ ಕೂತು ಕೇಳುವುದು ಬೇರೆ, ಅದರೊಳಗೆ ಸಂಸಾರ ಹೂಡುವುದು ಬೇರೆ. ಈ ಹೆಜ್ಜೆಸದ್ದಿಗೆ ಅಂತಲೇ ಜರ್ಮನ್ನರಲ್ಲಿ ಒಂದು ಪದವಿದೆ, ಟ್ರಿಟ್‌ಶಾಲ್ ಅಂತ. ಒಂದು ಜನ ಒಂದು ಕಾಟಕ್ಕೆ ಪ್ರತ್ಯೇಕ ಹೆಸರಿಟ್ಟಿದ್ದಾರೆ ಅಂದರೆ ಅದನ್ನು ತಲೆಮಾರುಗಟ್ಟಲೆ ಅನುಭವಿಸಿದ್ದಾರೆ ಅಂತಲೇ ಲೆಕ್ಕ.

ವಾರವೆಲ್ಲ ನಮ್ಮ ಮೇಲಿನ ಮನೆ ಒಂದು ಜೋಡಿ ಚಪ್ಪಲಿ ಮಾತ್ರ. ಹಾಲಿನಿಂದ ಅಡುಗೆಮನೆಗೆ ಹದಿನೊಂದು ಹೆಜ್ಜೆ, ವಾಪಸು ಹದಿನೊಂದು. ಭಾನುವಾರ ಬಂತೋ, ದೇಶವೆಲ್ಲ ಉಸಿರು ಬಿಗಿಹಿಡಿದು ಕೂತಿರುವ ಆ ಭಾನುವಾರದ ಹತ್ತೂವರೆಗೆ, ಮೇಲೆ ಓಟ ಶುರು. ದಡದಡದಡ ಈ ಗೋಡೆಯಿಂದ ಆ ಗೋಡೆಗೆ. ಹನ್ನೊಂದೂವರೆಗೆ ಇನ್ನೊಂದು ಸದ್ದು: ಟಕ್, ಟಕ್, ಟಕ್, ಟಕ್. ಸ್ವಲ್ಪ ತಡೆದು, ಮತ್ತೆ ಟಕ್, ಟಕ್. ಹಾಳೆಯಲ್ಲಿ ಅಚ್ಚಾಗಿರುವ ಪ್ರಕಾರ ಮೊಳೆ ಹೊಡೆಯಬಾರದ ದಿನ, ಈ ಪುಣ್ಯಾತ್ಮ ಪ್ರತಿ ಭಾನುವಾರ ಮೊಳೆ ಹೊಡೆಯುತ್ತಾನೆ. ಅಷ್ಟು ಮೊಳೆಗೆ ಎಷ್ಟು ಫೋಟೋ ನೇತುಹಾಕುತ್ತಾನೋ!

ಆಫೀಸಿನ ಗೆಳೆಯನೊಬ್ಬ ಬುದ್ಧಿ ಹೇಳಿಕೊಟ್ಟ. "ಪ್ರೊಟೊಕೋಲ್ ಬರಿ" ಅಂದ. ಗದ್ದಲದ ದಿನಚರಿ. ತಾರೀಕು, ಶುರುವಾದ ಹೊತ್ತು, ಮುಗಿದ ಹೊತ್ತು, ಯಾವ ಬಗೆಯ ಸದ್ದು, ಸಾಕ್ಷಿ ಯಾರು, ಎಲ್ಲ ಬರೆಯಬೇಕು. ಮನೆ ಮಾಲೀಕನ ಹತ್ತಿರ ಹೋಗಲಿ, ಬಾಡಿಗೆ ಕಡಿಮೆ ಮಾಡು ಅಂತ ಕೋರ್ಟಿಗೇ ಹೋಗಲಿ, ಇದು ಕೈಯಲ್ಲಿದ್ದರೆ ಮಾತಿಗೆ ತೂಕ. ನಾನೊಂದು ನೋಟ್‌ಬುಕ್ ತಂದು ಗೆರೆ ಹೊಡೆದೆ. 'ಓಟ, 10.32ರಿಂದ 10.41. ಮೊಳೆ, 11.28ರಿಂದ 11.40. ಸಾಕ್ಷಿ: ಹೆಂಡತಿ.' ಎರಡು ತಿಂಗಳಾದ ಮೇಲೆ ಸಾಕ್ಷಿ ಆ ಪುಸ್ತಕ ತೆಗೆದು ನೋಡಿ, "ನಮ್ಮ ಮನೆ ಹಾಲಿನ ಲೆಕ್ಕ ಇಷ್ಟು ಚೆನ್ನಾಗಿ ಬರೆದಿದ್ದರೆ ಉದ್ಧಾರ ಆಗ್ತಿದ್ವಿ" ಎಂದಳು. ಆದರೂ ಅದರಲ್ಲಿ ಒಂದು ಸುಖವಿತ್ತು ಎಂದು ಒಪ್ಪಿಕೊಳ್ಳಬೇಕು. ಬರೆಯಲು ಶುರುಮಾಡಿದ ಮೇಲೆ ಸದ್ದು ಬಾರದ ಭಾನುವಾರ ನನಗೆ ನಿರಾಸೆಯಾಗುತ್ತಿತ್ತು.

"ಬರೆಯೋದು ಯಾಕೆ? ಮೇಲೆ ಹೋಗಿ ನಾಲ್ಕು ಮಾತು ಅಂದು ಬರೋದಲ್ವೇ?" ಎಂದರು ಮೇಷ್ಟ್ರು. "ನಾನೇ ಮೊನ್ನೆ ಈ ಕಂಟ್ರಾಕ್ಟರಿಗೆ ಇಳಿಸಿ ಬಂದೆ."

"ನಿಂತಿತಾ ಸಾರ್?"

"ನಿಲ್ಲಲಿಲ್ಲ. ನನಗೆ ರಾತ್ರಿ ನಿದ್ದೆ ಬಂತು."

ನಾನು ಏಳು ವರ್ಷದಿಂದ ಹುಡುಕುತ್ತಿದ್ದ ಮಾತನ್ನು ಮೇಷ್ಟ್ರು ಎರಡೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ಪರದೇಶದಲ್ಲಿ ನೆರೆಮನೆಯ ಗದ್ದಲಕ್ಕಿಂತ ಕಷ್ಟ ಜಗಳವಾಡಲು ನಾಲಿಗೆ ಇಲ್ಲದಿರುವುದು. ಪರಭಾಷೆಯಲ್ಲಿ ಕೆಲಸ ಮಾಡಬಹುದು, ತರಕಾರಿ ತರಬಹುದು, ಡಾಕ್ಟರಿಗೆ ಹೊಟ್ಟೆನೋವು ಎಲ್ಲಿ ಅಂತ ತೋರಿಸಬಹುದು. ಬೈಯುವುದಕ್ಕೆ ಮಾತ್ರ ಅವ್ವನ ಭಾಷೆಯೇ ಆಗಬೇಕು. ಬೈಗುಳ ಯೋಚಿಸಿ ಆಡುವ ಮಾತಲ್ಲ. ವ್ಯಾಕರಣ ನೋಡಿಕೊಂಡು ಬೈಯುವ ಹೊತ್ತಿಗೆ ಸಿಟ್ಟು ಆರಿ ತಣ್ಣಗಾಗಿರುತ್ತದೆ.

ಜರ್ಮನ್ನಿನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ ಅಂತ ಇಂಗ್ಲಿಷಿನವರು ಗೋಳಾಡುತ್ತಾರೆ. ನಮಗೇನು, ಅದು ಹುಟ್ಟಿದಾಗಿನಿಂದ ಅಭ್ಯಾಸ. ನಮ್ಮ ತೊಡಕು ಲಿಂಗದ್ದು. ಗದ್ದಲ ಅವರಿಗೆ ಪುಲ್ಲಿಂಗ, ಶಾಂತಿ ಸ್ತ್ರೀಲಿಂಗ. ಮಗು ನಪುಂಸಕ, ಇದೊಂದು ನಮ್ಮಲ್ಲೂ ಹಾಗೇ ಎಂದು ಮೇಷ್ಟ್ರು ಖುಷಿಪಟ್ಟರು. "ನಿಮ್ಮ ಮಗುವಿನ ಗದ್ದಲದಿಂದ ನಮ್ಮ ಶಾಂತಿ ಹಾಳಾಗಿದೆ" ಎಂಬ ಒಂದು ವಾಕ್ಯದಲ್ಲಿ ಮೂರು ಲಿಂಗವೂ ಎರಡು ಮೂರು ವಿಭಕ್ತಿಯೂ ಬರುತ್ತವೆ. ಒಂದು ತಪ್ಪಿದರೂ ಎದುರಿನವನು ಸಿಟ್ಟಾಗುವ ಬದಲು ತಿದ್ದುತ್ತಾನೆ. ಜಗಳದ ಮಧ್ಯೆ ಪಾಠ ಹೇಳಿಸಿಕೊಳ್ಳುವುದಕ್ಕಿಂತ ಅವಮಾನ ಉಂಟೆ?

ಆಮೇಲೆ ಮರ್ಯಾದೆಯ ಸಮಸ್ಯೆ. ನಮ್ಮ ಜಗಳಕ್ಕೆ ಮೆಟ್ಟಿಲುಗಳಿವೆ. 'ಏನ್ರೀ' ಅಂತ ಶುರುವಾಗುತ್ತದೆ, 'ಏನಯ್ಯಾ'ಗೆ ಇಳಿಯುತ್ತದೆ, 'ಏನೋ' ಆಗುತ್ತದೆ, 'ಏನಲೇ' ಹೊತ್ತಿಗೆ ಅಂಗಿತೋಳು ಮೇಲೇರಿರುತ್ತದೆ, ಯಾರಾದರೂ ಮಧ್ಯೆ ಬಂದು ಬಿಡಿಸುತ್ತಾರೆ. ಅವರಲ್ಲಿರುವುದು ಎರಡೇ ಮೆಟ್ಟಿಲು: ನೀವು, ನೀನು. ಗುರುತಿಲ್ಲದವನಿಗೆ 'ನೀನು' ಅಂದರೆ ಅದೇ ಒಂದು ಬೈಗುಳ. ಬೈದರೆ ಕೇಸು, ಅವಹೇಳನ ಅಲ್ಲಿ ಕ್ರಿಮಿನಲ್ ಅಪರಾಧ, ದಂಡ ಬೀಳುತ್ತದೆ. ಹಾಗಾಗಿ ಕೊನೆಯ ತನಕ 'ತಾವು' ಅನ್ನುತ್ತಲೇ ಜಗಳವಾಡಬೇಕು. ತಾವು ದಯಮಾಡಿ ತಮ್ಮ ಪಾದಗಳನ್ನು ಕೊಂಚ ಮೆಲ್ಲಗೆ... ಇದು ಜಗಳವೋ ಮದುವೆ ಕರೆಯೋಲೆಯೋ?

ಸ್ಟುಟ್‌ಗಾರ್ಟಿನಿಂದ ರೈಲು ಹತ್ತಿದರೆ ಒಂದು ಗಂಟೆಯ ದಾರಿ ಟ್ಯೂಬಿಂಗನ್. ಕನ್ನಡಕ್ಕೆ 1894ರಲ್ಲಿ ಮಹಾ ನಿಘಂಟು ಮಾಡಿಕೊಟ್ಟ ಕಿಟೆಲ್ ಸಾಹೇಬರು 1903ರಲ್ಲಿ ತೀರಿಕೊಂಡದ್ದು ಅಲ್ಲೇ. ನಮ್ಮ ಮಾತನ್ನೆಲ್ಲ ಹೆಕ್ಕಿ ಪೋಣಿಸಿಟ್ಟರು ಪುಣ್ಯಾತ್ಮರು. ಪ್ರತಿಯಾಗಿ ನಮ್ಮವರೊಬ್ಬರು ಜರ್ಮನ್ ಜಗಳಕ್ಕೊಂದು ಕೈಪಿಡಿ ಬರೆದಿಡಬಾರದಾಗಿತ್ತೆ?

ಜರ್ಮನ್ನರೇ ಜಗಳವಾಡುವುದು ಕಾಗದದಲ್ಲಿ. ನಾವು ಹೋದ ಎರಡನೇ ತಿಂಗಳು ಮೆಟ್ಟಿಲ ಬಳಿ ಮುತ್ತಿನಂಥ ಅಕ್ಷರದ ಚೀಟಿ ಅಂಟಿತ್ತು. 'ಪ್ರಿಯ ನೆರೆಹೊರೆಯವರೇ' ಅಂತ ಶುರು. ಬೆಳಿಗ್ಗೆ 6.40ಕ್ಕೆ ಈ ಕಟ್ಟಡದಲ್ಲಿ ಯಾರೋ ಮರಗೆಲಸ ಮಾಡುತ್ತಿರುವಂತೆ ಕೇಳಿಸುತ್ತದೆ, ದಯವಿಟ್ಟು ಗಮನಿಸಿ, ಸ್ನೇಹದ ವಂದನೆಗಳು. ಓದಿ ನಮಗೂ ಸಿಟ್ಟು ಬಂತು. "ಯಾರ್ರೀ ಅದು ಬೆಳಿಗ್ಗೆ ಬೆಳಿಗ್ಗೆ ಮರ ಕೊಯ್ಯೋರು?" ಎಂದು ನನ್ನಾಕೆ ಒಂದು ವಾರ ಮೇಲಿನ ಮನೆಯವರ ಮೇಲೆ ಕಣ್ಣಿಟ್ಟಳು. ಶನಿವಾರ ಬೆಳಿಗ್ಗೆ ಕಾಯಿಚಟ್ನಿಗೆ ಮಿಕ್ಸಿಯ ಗುಂಡಿ ತಿರುಗಿಸಿದವಳು ಫಕ್ಕನೆ ನಿಲ್ಲಿಸಿ, ತಿರುಗಿ ನನ್ನ ಮುಖ ನೋಡಿದಳು. ಗಡಿಯಾರದಲ್ಲಿ ಆರೂ ನಲವತ್ತು.

ಅವತ್ತಿನಿಂದ ಮಿಕ್ಸಿಯ ಕೆಳಗೆ ಸ್ನಾನದ ಟವೆಲು ನಾಲ್ಕು ಮಡಿಕೆ. ಚಟ್ನಿ ಹಿಂದಿನ ಸಂಜೆಯೇ ಆಗಿರುತ್ತದೆ. ಕುಕ್ಕರು ಎರಡು ಸೀಟಿ ಹಾಕುತ್ತಲೂ ಓಡಿಹೋಗಿ, ಅಳುವ ಮಗುವನ್ನು ಎತ್ತಿಕೊಳ್ಳುವ ಹಾಗೆ ಒಲೆಯಿಂದ ಎತ್ತುತ್ತೇವೆ. ಕುರ್ಚಿಯ ಕಾಲಿಗೆಲ್ಲ ಉಣ್ಣೆಬಟ್ಟೆಯ ಬಿಲ್ಲೆ ಅಂಟಿಸಿದ್ದೇವೆ, ಅಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಮನೆಗೆ ಬಂದ ನಮ್ಮ ಕಡೆಯವರು ಜೋರಾಗಿ ನಕ್ಕರೆ ನಮ್ಮಿಬ್ಬರ ಕಣ್ಣೂ ನೆಲದ ಕಡೆ ಹೋಗುತ್ತದೆ.

"ಪಾಪ, ಮಾತಾಡಿ ಬಗೆಹರಿಸಿಕೊಂಡವರು ಅಲ್ಲಿ ಯಾರೂ ಇಲ್ಲವೇ?"

"ಮಾತಾಡದೆ ಕೈ ಮಾಡಿದ ಒಬ್ಬ ಇದ್ದಾನೆ ಸಾರ್. ಶೋಪೆನ್‌ಹೌರ್."

"ಉಪನಿಷತ್ತು ಓದಿದವನಲ್ಲವೇ?"

"ಅವನೇ." ಬರ್ಲಿನ್ನಿನಲ್ಲಿ ಬಾಡಿಗೆಗಿದ್ದ. 1821ರಲ್ಲಿ ಅವನ ಕೋಣೆಯ ಬಾಗಿಲಾಚೆ ಹೆಂಗಸರು ಮಾತಾಡುತ್ತ ನಿಂತರು. ಹೋಗಿ ಅಂದ, ಅವರಲ್ಲೊಬ್ಬಳು ಬಟ್ಟೆ ಹೊಲಿಯುವಾಕೆ ಹೋಗಲಿಲ್ಲ. ಹಿಡಿದು ಆಚೆಗೆ ತಳ್ಳಿದ, ಆಕೆ ಬಿದ್ದಳು. ಕೇಸು ವರ್ಷಗಟ್ಟಲೆ ನಡೆಯಿತು. ಆಕೆ ಬದುಕಿರುವಷ್ಟು ಕಾಲವೂ ಮೂರು ತಿಂಗಳಿಗೆ 15 ಥೇಲರ್ ಕೊಡಬೇಕೆಂದು ತೀರ್ಪಾಯಿತು. ಕೊಟ್ಟೂ ಕೊಟ್ಟೂ, ಕೊನೆಗೆ ಆಕೆ ಸತ್ತಾಗ ಮುದುಕಿ ಹೋದಳು, ಹೊರೆ ತಪ್ಪಿತು ಎಂಬ ಅರ್ಥ ಬರುವಂತೆ ಲ್ಯಾಟಿನ್ನಿನಲ್ಲಿ ಪ್ರಾಸ ಕಟ್ಟಿ ಗೀಚಿಟ್ಟುಕೊಂಡ. ಗದ್ದಲದ ಮೇಲೆ ಒಂದು ಪ್ರಬಂಧವನ್ನೇ ಬರೆದಿದ್ದಾನೆ, ಗಾಡಿಯವರು ಚಾವಟಿ ಛಟೀರ್ ಅನ್ನಿಸುವುದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಮೇಷ್ಟ್ರಿಗೆ ತುಂಬ ಬೇಸರವಾಯಿತು. "ಪ್ರತಿ ಉಪನಿಷತ್ತಿಗೂ ಶಾಂತಿಮಂತ್ರ ಇದೆ. ಶಾಂತಿಃ ಅಂತ ಮೂರು ಮೂರು ಸಲ ಹೇಳಿಸ್ತಾರೆ. ಅಷ್ಟು ಓದಿಯೂ ಹೆಂಗಸಿನ ಮೇಲೆ ಕೈ ಮಾಡಿದನೇ?"

"ಅವನು ಓದಿದ್ದು ಲ್ಯಾಟಿನ್ ಅನುವಾದದಲ್ಲಿ ಸಾರ್."

"ಹಾಗೆ ಹೇಳು" ಎಂದು ಮೇಷ್ಟ್ರು ಸಮಾಧಾನಗೊಂಡರು.

1908ರಲ್ಲಿ ಹ್ಯಾನೋವರ್ ಊರಿನ ಥಿಯೊಡೊರ್ ಲೆಸ್ಸಿಂಗ್ ಎಂಬವನು ಗದ್ದಲ ವಿರೋಧಿ ಸಂಘ ಸ್ಥಾಪಿಸಿದ ಕಥೆಯನ್ನೂ ಹೇಳಿದೆ. ಸಂಘ ಅಂದಮೇಲೆ ವಾರ್ಷಿಕ ಸಭೆ ಇರುತ್ತೆ, ಸಭೆ ಅಂದಮೇಲೆ ಗದ್ದಲ ಇರಲೇಬೇಕು ಅಂತ ಮೇಷ್ಟ್ರು ಅದನ್ನು ಅಲ್ಲೇ ವಜಾ ಮಾಡಿದರು. ಅವರಿಗೆ ಹಿಡಿಸಿದ್ದು ನಾನು ತಂದುಕೊಟ್ಟ ಪುಟ್ಟ ಡಬ್ಬಿ. ಓರೋಪಾಕ್ಸ್ ಅಂತ, ಹತ್ತಿ ಸೇರಿಸಿದ ಮೇಣದ ಗುಳಿಗೆ. ಬರ್ಲಿನ್ನಿನ ಔಷಧಿ ಪಂಡಿತನೊಬ್ಬ 1907ರಲ್ಲಿ ಮಾಡಿದ್ದು. ಅಂಗೈಯಲ್ಲಿ ಉಜ್ಜಿ ಮೆತ್ತಗಾದ ಮೇಲೆ ಕಿವಿಗೆ ಒತ್ತಿಕೊಳ್ಳಬೇಕು. ಕಾಫ್ಕಾ ಕೂಡ ಇದನ್ನು ತರಿಸಿಕೊಳ್ಳುತ್ತಿದ್ದ. ಓರ್ ಅಂದರೆ ಜರ್ಮನ್ನಿನಲ್ಲಿ ಕಿವಿ, ಪಾಕ್ಸ್ ಅಂದರೆ ಲ್ಯಾಟಿನ್ನಿನಲ್ಲಿ ಶಾಂತಿ.

"ಕರ್ಣಶಾಂತಿ" ಎಂದು ಮೇಷ್ಟ್ರು ತಟ್ಟನೆ ಸಮಾಸ ಮಾಡಿ, ಡಬ್ಬಿಯನ್ನು ಜುಬ್ಬಾದ ಜೇಬಿಗೆ ಇಳಿಸಿದರು. "ಷಷ್ಠೀ ತತ್ಪುರುಷ."

ಹೋದ ಬೇಸಿಗೆಯಲ್ಲಿ ಅಮ್ಮ ಸ್ಟುಟ್‌ಗಾರ್ಟಿಗೆ ಬಂದಳು. ವೀಸಾ ತೊಂಬತ್ತು ದಿನದ್ದು. ಬಂದ ಮೊದಲ ವಾರ ಅವಳಿಗೆ ನಿದ್ದೆಯೇ ಇಲ್ಲ. ಹಾಲಿನವನ ಬೆಲ್ಲಿಲ್ಲ, ಸುಪ್ರಭಾತ ಇಲ್ಲ, ಕಸದ ಗಾಡಿಯ ಹಾಡಿಲ್ಲ, ಮೋಟರ್ ಹಾಕಿ ತೊಟ್ಟಿ ತುಂಬಿ ಚೆಲ್ಲುವ ಸದ್ದಿಲ್ಲ. "ಎಷ್ಟು ಹೊತ್ತು ಅಂತ ತಿಳಿಯೋದು ಹೇಗೋ?" ಎಂದು ಕೇಳುವಳು. ಗಡಿಯಾರ ತೋರಿಸಿದರೆ "ಅದು ಹೇಳುತ್ತೆ, ಗೊತ್ತಾಗಲ್ಲ" ಅನ್ನುವಳು.

ಭಾನುವಾರ ಬಂತು. ಹನ್ನೊಂದೂವರೆ. ನಾನು ನೋಟ್‌ಬುಕ್ ಬಿಚ್ಚಿ, ಪೆನ್ನಿನ ಕ್ಯಾಪು ತೆಗೆದು ಕೂತಿದ್ದೆ. ಮೇಲೆ ಟಕ್, ಟಕ್, ಟಕ್, ಟಕ್. ಅಮ್ಮ ಹುರುಳಿಕಾಯಿ ಸೋಸುತ್ತಿದ್ದವಳು ಕೈ ನಿಲ್ಲಿಸಿ ತಲೆಯೆತ್ತಿದಳು. ಆ ಮುಖ ಅರಳಿದ್ದನ್ನು ನೋಡಬೇಕಿತ್ತು.

"ಚಟ್ನಿಪುಡಿ ಕುಟ್ತಾ ಇದಾರೆ ಕಣೋ!"

"ಅಮ್ಮ, ಅವರು ಜರ್ಮನ್ನರು."

"ಆದರೇನು? ಕೇಳು ಬಡಿತಾನ. ನಾಲ್ಕು ಏಟು, ಒಂದು ತಡೆ. ಆ ತಡೇಲಿ ಅಂಚಿಗೆ ಹೋಗಿದ್ದನ್ನ ಮಧ್ಯಕ್ಕೆ ತಳ್ಕೋತಾರೆ. ಮತ್ತೆ ಎರಡು ಏಟು. ಪಳಗಿದ ಕೈ. ನಮ್ಮತ್ತೆ ಹೀಗೇ ಕುಟ್ಟೋರು." ಎರಡು ನಿಮಿಷ ಕೇಳಿ, "ಕುಟ್ಟಾಣಿ ಅಲ್ಲ, ಹಲಗೆ ಮೇಲೆ ಇಟ್ಟು ಕುಟ್ತಾರೆ. ಅಲ್ಲಿ ಒರಳು ಸಿಗಲ್ಲವೇನೋ ಪಾಪ" ಅಂತಲೂ ಸೇರಿಸಿದಳು.

ಹಲಗೆಯ ಮಾತು ನೂರಕ್ಕೆ ನೂರು ನಿಜವಾಗಿತ್ತು. ಅದು ಗೊತ್ತಾದದ್ದು ಮೂರು ವಾರದ ಮೇಲೆ. ಅಮ್ಮ ಪ್ರತಿ ಭಾನುವಾರ ಹನ್ನೊಂದೂಕಾಲಿಗೇ ಸೂರಿನ ಕಡೆ ಕಿವಿ ಕೊಟ್ಟು ಕೂರಲು ಶುರುಮಾಡಿದ ಮೇಲೆ ನನ್ನ ದಿನಚರಿ ಬರೆಯುವುದಕ್ಕೆ ಮನಸ್ಸೊಗ್ಗಲಿಲ್ಲ. ಇತ್ಯರ್ಥ ಮಾಡೇಬಿಡೋಣ ಅಂತ ಒಂದು ವಾಕ್ಯ ತಯಾರು ಮಾಡಿದೆ. ಮೂರು ದಿನ ತಿದ್ದಿದೆ. ಲಿಂಗ ಸರಿ, ವಿಭಕ್ತಿ ಸರಿ, ಎರಡು ಕಡೆ 'ದಯವಿಟ್ಟು' ಇತ್ತು. ಬಾಯಿಪಾಠ ಮಾಡಿಕೊಂಡು ಭಾನುವಾರ 11.35ಕ್ಕೆ ಮೇಲೆ ಹೋಗಿ ಬೆಲ್ ಒತ್ತಿದೆ. ಒಳಗೆ ಟಕ್ ಟಕ್ ನಿಂತಿತು. ಬಾಗಿಲು ತೆಗೆದವರು ಎಪ್ಪತ್ತರ ಆಸುಪಾಸಿನ ಯಜಮಾನರು. ಎದೆಗೆ ಅಡುಗೆಯ ಏಪ್ರನ್, ಕೈಯಲ್ಲಿ ಸುತ್ತಿಗೆ. ಕಬ್ಬಿಣದ್ದು, ಮುಖದ ಮೇಲೆ ಚೂಪು ಚೂಪು ಹಲ್ಲು. ಅವರ ಕಾಲಿಗೆ ಜೋತುಬಿದ್ದು ಮೂರು ವರ್ಷದ ಮೊಮ್ಮಗ, ಓಡಿ ಓಡಿ ಮುಖವೆಲ್ಲ ಕೆಂಪು. ನನ್ನ ದಿನಚರಿಯ ಎರಡು ಕಲಮೂ ಒಟ್ಟಿಗೆ ಎದುರು ನಿಂತಿದ್ದವು.

ನನ್ನ ವಾಕ್ಯ ಹಾರಿಹೋಯಿತು. ಬಾಯಿಂದ ಬಂದದ್ದು "ಸುತ್ತಿಗೆ?" ಎಂಬ ಒಂದೇ ಪದ, ಅದೂ ಲಿಂಗವಿಲ್ಲದ್ದು.

ಅವರು ಅದನ್ನೇ ನೋಡಿಕೊಂಡು, ನಕ್ಕು, ಒಳಗೆ ಕರೆದು ತೋರಿಸಿದರು. ದಪ್ಪ ಹಲಗೆ, ಹಲಗೆಯ ಮೇಲೆ ಮಾಂಸದ ಚೂರು. ಅದನ್ನು ಬಡಿದು ಬಡಿದು ಹೋಳಿಗೆಯ ಹಾಗೆ ತೆಳ್ಳಗೆ ಮಾಡಿ, ಹಿಟ್ಟು, ಮೊಟ್ಟೆ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿಯುತ್ತಾರೆ. ಶ್ನಿಟ್ಸೆಲ್. ಭಾನುವಾರ ಮಗಳು, ಅಳಿಯ, ಮೊಮ್ಮಗ ಊಟಕ್ಕೆ ಬರುತ್ತಾರಂತೆ. ಹೆಂಡತಿ ಇದ್ದಾಗ ಆಕೆ ಬಡಿಯುತ್ತಿದ್ದಳಂತೆ, ಈಗ ಇವರು. ಸದ್ದು ತೊಂದರೆಯಾಯಿತೇ ಎಂದು ಕೇಳಿದರು. ಮಗುವಿನ ಓಟದ ಮೇಲೆ ದೂರು ಕೊಡಲು ಬಾಯಿ ಬರಲಿಲ್ಲ. ಅಂಗನವಾಡಿ, ಆಟದ ಬಯಲುಗಳಲ್ಲಿ ಮಕ್ಕಳು ಮಾಡುವ ಗಲಾಟೆಯನ್ನು ಸಾಮಾನ್ಯವಾಗಿ ಮಾಲಿನ್ಯವೆಂದು ಎಣಿಸಬಾರದು ಅಂತ 2011ರಲ್ಲಿ ಕಾನೂನನ್ನೇ ತಿದ್ದಿಕೊಂಡಿರುವ ದೇಶ ಅದು, ಹಾಲಿನಲ್ಲಿ ಓಡುವ ಮಗುವಿನ ಮೇಲೆ ಯಾರ ಹತ್ತಿರ ಹೋಗಲಿ? ಇಲ್ಲ, ನಮ್ಮ ತಾಯಿಗೆ ಆ ಸದ್ದು ಇಷ್ಟ ಎಂದೆ. ಅದು ನಿಜವೂ ಆಗಿತ್ತು. ಅವರು ನನ್ನನ್ನು ಕೊಂಚ ಸಂಶಯದಿಂದ ನೋಡಿದರು.

ಕೆಳಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಚಟ್ನಿಪುಡಿ ತಾನೇ?" ಎಂದಳು. ನಾನು "ಹ್ಞೂಂ" ಎಂದೆ.

"ಅದು ಯಾಕೆ ಸುಳ್ಳು ಹೇಳಿದೆ?" ಎಂದರು ಮೇಷ್ಟ್ರು. ಟೈಲ್ಸ್ ಮಿಷನ್ನು ಮತ್ತೆ ಹಿಡಿದುಕೊಂಡಿತ್ತು. ನಾನು ಕಾಂಪೌಂಡಿನ ಮೇಲೆ ಬಾಗಿ ಅವರ ಕಿವಿಯ ಹತ್ತಿರ ಕೂಗಬೇಕಾಯಿತು. "ಏನಂತ ಹೇಳಲಿ ಸಾರ್? ನಮ್ಮಮ್ಮ ಎರಡು ಭಾನುವಾರ ಕೈಮುಗಿದಿದ್ದಾಳೆ, ಅನ್ನಪೂರ್ಣೆ ಇದ್ದ ಹಾಗಿದ್ದಾಳೆ ಆಕೆ ಯಾರೋ ಅಂತ! ಅವರು ಅಲ್ಲಿ ಕುಟ್ತಿದ್ದದ್ದು—"

ಮಿಷನ್ನು ನಿಂತಿತು.

"—ಹಂದಿಮಾಂಸ!"

ಸರಸ್ವತಿಪುರಂನಲ್ಲಿ ಅಂಥ ನಿಶ್ಶಬ್ದ ನಾನು ಕೇಳಿಯೇ ಇರಲಿಲ್ಲ. ಮೇಷ್ಟ್ರ ಕಣ್ಣು ನನ್ನ ಭುಜದಾಚೆ ನೆಟ್ಟಿತ್ತು. ತಿರುಗಿದೆ. ಎರಡು ಲೋಟ ಕಾಫಿ ಹಿಡಿದು ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು.

"ಏನು ಕುಟ್ತಾರೆ ಅಂದೆ?"

ನನ್ನ ನಾಲಿಗೆ ಜರ್ಮನ್ನಿನಲ್ಲಿ ಒಣಗಿದ ಹಾಗೆ ಕನ್ನಡದಲ್ಲೂ ಒಣಗಿತು. ಮೂವತ್ತು ವರ್ಷ ಪಾಠ ಹೇಳಿದ, ಎಂದೂ ಸುಳ್ಳಾಡದ ನಮ್ಮ ಮೇಷ್ಟ್ರು ಒಂದು ಕ್ಷಣವೂ ತಡಮಾಡದೆ, "ಹುರಿಗಡಲೆ ಅಂತೆ ತಾಯಿ. ಚಟ್ನಿಪುಡಿಗೆ" ಎಂದರು.

ಅಮ್ಮ ಕಾಫಿಯನ್ನು ಕಾಂಪೌಂಡಿನ ಮೇಲಿಟ್ಟಳು. ಯೋಚಿಸಿದಳು. "ಬರೀ ಹುರಿಗಡಲೆ ಆದರೆ ನಾಲ್ಕು ಏಟಿಗೆ ಪುಡಿ ಆಗುತ್ತೆ ಮೇಷ್ಟ್ರೇ. ಇವರು ಕಾಲುಗಂಟೆ ಬಡೀತಾರೆ. ಕೊಬ್ಬರೀನ ತುರಿಯದೆ ಹಾಗೇ ಹೋಳು ಹಾಕಿದ್ದಾರೆ, ಅದಕ್ಕೇ ಅಷ್ಟು ಹೊತ್ತು. ವಾಪಸು ಹೋದಾಗ ಹೇಳೋ, ತುರಿದು ಸ್ವಲ್ಪ ಬೆಚ್ಚಗೆ ಮಾಡಿ ಹಾಕಿ ಅಂತ. ಅದೂ ಬೇಡ, ನಾನೇ ಒಂದು ಡಬ್ಬಿ ಕಟ್ಟಿಕೊಡ್ತೀನಿ, ಅವರಿಗೆ ಕೊಟ್ಟುಬಿಡು."

ಮೇಷ್ಟ್ರು ಕಾಫಿ ಕುಡಿದು ಲೋಟ ಇಟ್ಟು, ಜೇಬಿನಿಂದ ಡಬ್ಬಿ ತೆಗೆದು ಮೇಣ ಉಜ್ಜಲು ಶುರುಮಾಡಿದರು. ಮಿಷನ್ನು ಮತ್ತೆ ಹತ್ತಿಕೊಂಡಿತು. ಡಬ್ಬಿ ಅರ್ಧ ಕೆಜಿಯದು, ಈಗ ನನ್ನ ಸೂಟ್‌ಕೇಸಿನಲ್ಲಿ ಎರಡು ಶರ್ಟುಗಳ ಮಧ್ಯೆ ಇದೆ. ಭಾನುವಾರ ಮೇಲಕ್ಕೆ ಒಯ್ಯಬೇಕು.